ಕ್ವಾಡ್ರಾಟ್ ಅಂದರೆ ಏನು?

"ಮಾಮಾ, ಕ್ವಾಡ್ರಾಟ್ ಅಂದ್ರ ಏನು?" ಅಂತ ಅಕ್ಕನ ಮಗಳು ಕೇಳಿದಳು. ಕಲಬುರಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತಿದ್ದೆವು, ಕೆಳಗೆ ಶಹಾಬಾದ್ ಪರ್ಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು. ಅದನ್ನೇ ತೋರಿಸಿದೆ.

ಪಡಸಾಲೆಯಲ್ಲಿ ಎಷ್ಟು ಇರುವೆ ಇವೆ ಅಂತ ತಿಳಿಯಬೇಕು, ಎಲ್ಲವನ್ನೂ ಎಣಿಸೋಕೆ ಆಗಲ್ಲ. ಅಲ್ಲೊಂದು ಇಲ್ಲೊಂದು ಹತ್ತು ಪರ್ಸಿ ಆರಿಸಿ, ಅವುಗಳ ಮೇಲಿರುವ ಇರುವೆ ಎಣಿಸಿ, ಸರಾಸರಿ ತೆಗೆದು, ಒಟ್ಟು ಪರ್ಸಿ ಎಷ್ಟಿವೆಯೋ ಅಷ್ಟರಿಂದ ಗುಣಿಸಿದರೆ ಅಂದಾಜು ಸಿಗುತ್ತದೆ. ಆ ಒಂದು ಪರ್ಸಿಯೇ ಕ್ವಾಡ್ರಾಟ್. ಚೌಕ ಅನ್ನೋ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು.

ಅವಳು ಎಣಿಸಲು ಕೂತಳು. ಮೂರನೇ ಪರ್ಸಿ ಖಾಲಿ. "ಇದ್ರಾಗ ಒಂದೂ ಇಲ್ಲ, ಬಿಡ್ಲಾ?" ಬಿಡಬಾರದು, ಸೊನ್ನೆ ಅಂತ ಬರೆಯಬೇಕು. ಇರುವೆ ಜಾಸ್ತಿ ಇರುವ ಕಡೆಗೇ ಕಣ್ಣು ಓಡುತ್ತದೆ ಅಲ್ವಾ, ಅದಕ್ಕೇ ಯಾವ ಪರ್ಸಿ ಅನ್ನೋದನ್ನು ಮೊದಲೇ ಚೀಟಿ ಎತ್ತಿ ಗೊತ್ತು ಮಾಡಿಕೊಳ್ಳಬೇಕು.

ಕಡಲ ಜೀವಿಗಳನ್ನೂ ಹೀಗೇ ಎಣಿಸುತ್ತಾರೆ, ಆದರೆ ಕಡಲ ತಳದಲ್ಲಿ ಪರ್ಸಿ ಹಾಸಿರಲ್ಲ. ಚೌಕಟ್ಟನ್ನು ಕೈಯಲ್ಲೇ ಒಯ್ಯಬೇಕು. ಸಾಮಾನ್ಯವಾಗಿ ಪಿವಿಸಿ ಪೈಪಿನದು, ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ. ಪೈಪಿಗೆ ತೂತು ಕೊರೆದಿದ್ದರೆ ನೀರು ತುಂಬಿಕೊಂಡು ತಳದಲ್ಲಿ ಕೂರುತ್ತದೆ, ಇಲ್ಲದಿದ್ದರೆ ತೇಲಿಬಿಡುತ್ತದೆ. ಅದರೊಳಗೆ ಸಿಕ್ಕ ನಕ್ಷತ್ರಮೀನು, ಮುಳ್ಳುಚೆಂಡಿನಂಥ ಸೀ ಅರ್ಚಿನ್, ಸೌತೆಕಾಯಿಯಂತೆ ಕಾಣುವ ಕಡಲ ಸೌತೆ ಅನ್ನೋ ಪ್ರಾಣಿ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ನಕ್ಷತ್ರಮೀನಿನ ತೋಳು ಮಾತ್ರ ಒಳಗಿದ್ದರೆ? ನಿಯಮ ಮೊದಲೇ ಮಾಡಿಕೊಂಡಿರಬೇಕು: ನಡುಭಾಗ ಒಳಗಿದ್ದರೆ ಲೆಕ್ಕಕ್ಕೆ, ಇಲ್ಲದಿದ್ದರೆ ಇಲ್ಲ.

ಸೀ ಅರ್ಚಿನ್‌ಗಳಲ್ಲಿ ಹಲವು ಹಗಲು ಕಲ್ಲಿನ ಸಂದಿಯಲ್ಲಿ ಅಡಗಿ, ರಾತ್ರಿ ಪಾಚಿ ಮೇಯಲು ಹೊರಬರುತ್ತವೆ. ಹಾಗಾಗಿ ಒಂದೇ ಜಾಗದಲ್ಲಿ ಹಗಲಿನ ಲೆಕ್ಕ ಬೇರೆ, ರಾತ್ರಿಯದೇ ಬೇರೆ, ಎಣಿಸಿದ ಹೊತ್ತನ್ನೂ ಬರೆದಿಡಬೇಕು. ಕಡಲ ಸೌತೆಯ ಕಷ್ಟ ಇನ್ನೊಂದು. ಎಷ್ಟೋ ಕಡೆ ಅವು ತೀರಾ ವಿರಳ, ಚೌಕಟ್ಟು ಹತ್ತು ಸಲ ಇಟ್ಟರೂ ಖಾಲಿ. ಅಂಥಲ್ಲಿ 50 ಮೀಟರ್ ಹಗ್ಗ ಹಾಸಿ, ಅದರ ಎರಡೂ ಬದಿಗೆ ಒಂದೊಂದು ಮೀಟರ್ ನೋಡುತ್ತಾ ಈಜುತ್ತಾರೆ. ಒಟ್ಟು 100 ಚದರ ಮೀಟರ್. ಅದಕ್ಕೆ ಬೆಲ್ಟ್ ಟ್ರಾನ್ಸೆಕ್ಟ್ ಅನ್ನುತ್ತಾರೆ.

ಈ ಎಣಿಕೆ ಸುಮ್ನೆ ಅಲ್ಲ. 1983ರಲ್ಲಿ ಕೆರಿಬಿಯನ್ ಕಡಲಿನಲ್ಲಿ ಉದ್ದ ಮುಳ್ಳಿನ ಸೀ ಅರ್ಚಿನ್‌ಗಳು ರಾಶಿ ರಾಶಿ ಸತ್ತವು, ಮೇಯುವವರಿಲ್ಲದೆ ಹವಳದ ದಿಬ್ಬಗಳ ಮೇಲೆ ಪಾಚಿ ಹಬ್ಬಿತು. ಎಷ್ಟು ಸತ್ತವು ಅಂತ ಹೇಳಲು ಆಗಿದ್ದು ಕೆಲವು ಕಡೆ ಮೊದಲೇ ಎಣಿಸಿಟ್ಟಿದ್ದರಿಂದ. ನಮ್ಮ ದೇಶದಲ್ಲಿ ಕಡಲ ಸೌತೆ ಹಿಡಿಯುವುದನ್ನು 2001ರಲ್ಲೇ ನಿಷೇಧಿಸಲಾಯಿತು. ಅವು ಮತ್ತೆ ಹೆಚ್ಚಾಗುತ್ತಿವೆಯೋ ಇಲ್ಲವೋ ತಿಳಿಯಬೇಕಾದರೆ ಅದೇ ಜಾಗದಲ್ಲಿ, ಅಷ್ಟೇ ಉದ್ದದ ಹಗ್ಗ ಹಾಸಿ, ವರ್ಷ ವರ್ಷ ಎಣಿಸುತ್ತಾ ಇರಬೇಕು.