ಹತ್ತು ಕುಲ ಎಲ್ಲಿ ಹೋಯಿತು, ಯೆಹೂದ ಹೇಗೆ ಉಳಿಯಿತು?

ಪ್ರಶ್ನೆ: ಬೈಬಲಿನಲ್ಲಿ ಇಸ್ರಾಯೇಲ್ಯರು ಎರಡು ಸಲ ಸೆರೆ ಹೋದ ಕಥೆ ಬರುತ್ತದೆ. ಮೊದಲ ಸಲ ಅಶ್ಶೂರದವರು ಹಿಡಿದುಕೊಂಡು ಹೋದ ಹತ್ತು ಕುಲದವರ ಸುಳಿವೇ ಇಲ್ಲ ಅನ್ನುತ್ತಾರೆ. ಆಮೇಲೆ ಬಾಬಿಲೋನಿಗೆ ಹೋದವರು ಮಾತ್ರ ತಿರುಗಿ ಬಂದರು, ಇವತ್ತಿಗೂ ಇದ್ದಾರೆ. ಒಂದೇ ಜನ, ಒಂದೇ ದೇವರು, ಬಂದದ್ದೂ ಒಂದೇ ಥರದ ಕಷ್ಟ. ಹಾಗಿದ್ದೂ ಹೀಗೇಕಾಯಿತು?

ಉತ್ತರ: ಒಂದೇ ಥರದ ಕಷ್ಟ ಅಂದಿರಲ್ಲ, ಗಂಟು ಇರುವುದು ಅಲ್ಲೇ. ದೂರದಿಂದ ನೋಡಿದರೆ ಎರಡೂ ಸೆರೆಯೇ. ಹತ್ತಿರ ಹೋದರೆ ಒಕ್ಕಲೆಬ್ಬಿಸಿದ ರೀತಿ ಬೇರೆ, ಒಕ್ಕಲು ಕೂರಿಸಿದ ರೀತಿ ಬೇರೆ, ಹೊರಡುವಾಗ ಜನರ ಕೈಯಲ್ಲಿದ್ದ ಗಂಟೂ ಬೇರೆ.

ಸೊಲೊಮೋನ ಸತ್ತ ಮೇಲೆ, ಸುಮಾರು ಕ್ರಿ.ಪೂ. 930ರಲ್ಲಿ, ರಾಜ್ಯ ಎರಡು ಹೋಳಾಯಿತು. ಉತ್ತರದ್ದು ಇಸ್ರಾಯೇಲ್, ನೀವು ಕೇಳಿದ ಹತ್ತು ಕುಲ ಇದ್ದದ್ದು ಇಲ್ಲೇ, ಅದರ ರಾಜಧಾನಿ ಮುಂದೆ ಸಮಾರ್ಯವಾಯಿತು. ದಕ್ಷಿಣದ್ದು ಯೆಹೂದ, ರಾಜಧಾನಿ ಯೆರೂಸಲೇಮ್. ಉತ್ತರದಲ್ಲಿ ಒಳ್ಳೆಯ ನೆಲ, ಎಣ್ಣೆ, ದ್ರಾಕ್ಷಾರಸ, ದೊಡ್ಡ ವ್ಯಾಪಾರದ ದಾರಿಗಳು. ದಕ್ಷಿಣದ್ದು ಗುಡ್ಡಗಾಡು, ಬಡ ಸಂಸಾರ. ದೊಡ್ಡ ದಾರಿಯ ಮೇಲಿದ್ದವನ ಮನೆಗೇ ದಂಡು ಮೊದಲು ನುಗ್ಗುವುದು.

ಅಶ್ಶೂರ ಇವತ್ತಿನ ಉತ್ತರ ಇರಾಕಿನ ಕಡೆಯ ದೊಡ್ಡ ಸಾಮ್ರಾಜ್ಯ. ಅದರ ಅರಸ ಮೂರನೆಯ ತಿಗ್ಲತ್ಪಿಲೆಸೆರ ಕ್ರಿ.ಪೂ. 732ರ ಹೊತ್ತಿಗೆ ಗಲಿಲಾಯ, ಗಿಲ್ಯಾದ್ ಸೀಮೆಗಳನ್ನು ಕಿತ್ತುಕೊಂಡ. ಉಳಿದ ತುಂಡಿನ ಕೊನೆಯ ಅರಸ ಹೋಶೇಯ ಕಪ್ಪ ನಿಲ್ಲಿಸಿ ಈಜಿಪ್ಟಿನ ಕಡೆ ಕೈಚಾಚಿದ. ಅಶ್ಶೂರದ ಮುಂದಿನ ಅರಸ ಶಲ್ಮನೆಸೆರ ಬಂದು ಸಮಾರ್ಯಕ್ಕೆ ಮುತ್ತಿಗೆ ಹಾಕಿದ. ಮೂರು ವರ್ಷ ತಡೆದುಕೊಂಡ ಊರು ಕ್ರಿ.ಪೂ. 722ರಲ್ಲಿ ಬಿತ್ತು. ಅವನ ನಂತರ ಪಟ್ಟಕ್ಕೆ ಬಂದ ಸರ್ಗೋನ ಗೆಲುವನ್ನು ತನ್ನ ಲೆಕ್ಕಕ್ಕೆ ಬರೆಸಿಕೊಂಡು, 27,290 ಜನರನ್ನು ಒಯ್ದೆನೆಂದು ಶಾಸನದಲ್ಲಿ ಕೊಚ್ಚಿಕೊಂಡಿದ್ದಾನೆ.

ಅಶ್ಶೂರದವರಿಗೆ ಸೆರೆ ಒಯ್ಯುವುದು ಸಿಟ್ಟಿನಲ್ಲಿ ಮಾಡುವ ಕೆಲಸವಾಗಿರಲಿಲ್ಲ. ಅದೊಂದು ಆಡಳಿತ ಪದ್ಧತಿ. ಕುಟುಂಬಗಳನ್ನು ಗಂಡ, ಹೆಂಡತಿ, ಮಕ್ಕಳು, ದನಕರು ಸಮೇತ ಎಬ್ಬಿಸುತ್ತಿದ್ದರು. ಒಂಟಿ ಆಳಿಗಿಂತ ಸಂಸಾರಸ್ಥ ಹೊಸ ನೆಲದಲ್ಲಿ ಬೇಗ ಬೇರುಬಿಡುತ್ತಾನೆ. ಮುಂದೆ ಯೆಹೂದದ ಲಾಕೀಷ್ ಪಟ್ಟಣ ಬಿದ್ದಾಗ ಎತ್ತಿನ ಗಾಡಿಯ ಮೇಲೆ ಗಂಟುಮೂಟೆ, ಅದರ ಮೇಲೆ ಹೆಂಗಸರು ಮಕ್ಕಳು ಕೂತು ಹೊರಟ ದೃಶ್ಯವನ್ನು ಅಶ್ಶೂರದ ರಾಜಧಾನಿ ನಿನೆವೆಯ ಅರಮನೆಯ ಗೋಡೆಗಳಲ್ಲಿ ಕೆತ್ತಿಸಿದ್ದರು. ಆ ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ.

ಸಮಾರ್ಯದವರನ್ನು ಕೂರಿಸಿದ ಜಾಗಗಳನ್ನು ಎರಡನೆಯ ಅರಸುಗಳ ಪುಸ್ತಕ ಹೇಳುತ್ತದೆ: ಹಲಹ, ಗೋಜಾನ್ ಸೀಮೆಯ ಹಾಬೋರ್ ನದಿ ದಂಡೆ, ಮೇದ್ಯರ ಪಟ್ಟಣಗಳು. ಗೋಜಾನ್ ಇರುವುದು ಇವತ್ತಿನ ಸಿರಿಯಾದ ಉತ್ತರದ ಅಂಚಿನಲ್ಲಿ, ಮೇದ್ಯರ ಸೀಮೆ ಇರಾನಿನಲ್ಲಿ. ನಡುವೆ ನೂರಾರು ಮೈಲಿ. ಸಾಲದ್ದಕ್ಕೆ ಕಸುಬು ಬಲ್ಲವರನ್ನು ಇನ್ನಷ್ಟು ಬೇರೆ ಮಾಡಿದರು. ಸಮಾರ್ಯದ ರಥಿಕರನ್ನು ಸರ್ಗೋನ ತನ್ನ ಸೈನ್ಯಕ್ಕೇ ಸೇರಿಸಿಕೊಂಡ. ಅಂಥ ಅಧಿಕಾರಿಗಳ ಪಟ್ಟಿ ನಿಮ್ರುದ್‌ನಲ್ಲಿ ಜೇಡಿಮಣ್ಣಿನ ಹಲಗೆಗಳ ಮೇಲೆ ಸಿಕ್ಕಿದೆ. ಅರಸನ ಸಂಬಳ ತಿಂದು, ಅರಸನ ಭಾಷೆ ಆಡಿ, ಅರಸನ ಊರಲ್ಲೇ ಮಗಳಿಗೆ ಗಂಡು ಹುಡುಕಿದವನ ಮೊಮ್ಮಗ ಯಾವ ಕುಲದವನೆಂದು ಹೇಳಿಕೊಂಡಾನು?

ಇದು ಅರ್ಧ ಕೆಲಸ. ಖಾಲಿಯಾದ ಸಮಾರ್ಯಕ್ಕೆ ಬಾಬಿಲೋನ್, ಕೂತ, ಹಮಾತ್ ಮುಂತಾದ ಕಡೆಗಳಿಂದ ಬೇರೆಯವರನ್ನು ತಂದು ಕೂರಿಸಿದರು. ಗೆಜೆರ್, ಹಾದೀದ್ ಎಂಬ ಊರುಗಳಲ್ಲಿ ಸಿಕ್ಕ ಕ್ರಿ.ಪೂ. ಏಳನೆಯ ಶತಮಾನದ ಕ್ರಯಪತ್ರ, ಸಾಲಪತ್ರಗಳಲ್ಲಿ ಮೆಸೊಪೊಟೇಮಿಯದ ಹೆಸರಿನವರು ಅಲ್ಲಿನ ಹೊಲಮನೆ ವ್ಯವಹಾರ ನಡೆಸುತ್ತಿರುವುದು ಕಾಣುತ್ತದೆ. ಹೋದವನಿಗೆ ತಿರುಗಿ ಬರಲು ಮನೆ ಬೇಕಲ್ಲ, ಆ ಮನೆಯಲ್ಲಿ ಬೇರೆಯವನ ಒಲೆ ಉರಿಯುತ್ತಿತ್ತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. ಹತ್ತು ಕುಲ ಎತ್ತಿಕೊಂಡು ಹೋದರು ಅಂದಾಗ ನಾಡಿಗೆ ನಾಡೇ ಸಾಲುಗಟ್ಟಿ ನಡೆದಂತೆ ಕಣ್ಣಿಗೆ ಕಟ್ಟುತ್ತದೆ. ಸರ್ಗೋನನ ಲೆಕ್ಕವನ್ನು ಪೂರ್ತಿ ನಂಬಿದರೂ ಅದು ಉತ್ತರದ ಜನರಲ್ಲಿ ಒಂದು ಪಾಲು ಮಾತ್ರ. ರೈತರಲ್ಲಿ ಬಹಳ ಮಂದಿ ಅಲ್ಲೇ ಉಳಿದರು. ಇನ್ನು ಕೆಲವರು ಗಡಿ ದಾಟಿ ದಕ್ಷಿಣಕ್ಕೆ ಗುಳೆ ಹೋದರು. ಆ ಕಾಲದಲ್ಲೇ ಯೆರೂಸಲೇಮ್ ಇದ್ದಕ್ಕಿದ್ದಂತೆ ಹಲವು ಪಟ್ಟು ದೊಡ್ಡದಾಗಿ, ಪಶ್ಚಿಮದ ಗುಡ್ಡಕ್ಕೆ ಹರಡಿಕೊಂಡಿತು. ಅದನ್ನು ಒಳಗೆ ಸೇರಿಸಿಕೊಳ್ಳಲು ಕಟ್ಟಿದ ಸುಮಾರು ಏಳು ಮೀಟರ್ ದಪ್ಪದ ಗೋಡೆಯ ತುಂಡೊಂದು ಈಗಲೂ ನೋಡಲು ಸಿಗುತ್ತದೆ. ಆ ಬೆಳವಣಿಗೆಯಲ್ಲಿ ಉತ್ತರದಿಂದ ಬಂದವರ ಪಾಲು ದೊಡ್ಡದೆಂದು ಬಹಳ ಮಂದಿ ವಿದ್ವಾಂಸರು ಎಣಿಸುತ್ತಾರೆ.

ಗುಳೆ ಬಂದವರು ಬರಿಗೈಯಲ್ಲಿ ಬರಲಿಲ್ಲ. ಹೋಶೇಯ ಉತ್ತರದ ಪ್ರವಾದಿ (ಮೇಲಿನ ಅರಸ ಬೇರೆ, ಇವನು ಬೇರೆ). ಆಮೋಸ ದಕ್ಷಿಣದ ತೆಕೋವದವನಾದರೂ ನುಡಿದದ್ದು ಉತ್ತರದಲ್ಲಿ. ಇಬ್ಬರೂ ಸಮಾರ್ಯಕ್ಕೆ ಕೇಡು ಕಾದಿದೆ ಎಂದೇ ಸಾರಿದವರು. ಸಮಾರ್ಯ ಬಿದ್ದ ಮೇಲೆ ಅವರ ಮಾತು ಉಳಿದುಬಂದದ್ದು ದಕ್ಷಿಣದವರ ಕೈಯಲ್ಲಿ. ನನಗೆ ಈ ಇಡೀ ಇತಿಹಾಸದಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸುವುದು ಈ ಸಂಗತಿ. ಆ ಕಾಲದಲ್ಲಿ ಊರು ಸೋತರೆ ಊರದೇವರೂ ಸೋತ ಎಂದೇ ಅರ್ಥ. ಗೆದ್ದವನ ದೇವರಿಗೆ ಅಡ್ಡಬೀಳುವುದು ಸಹಜ. ಈ ಪ್ರವಾದಿಗಳೋ ಲೆಕ್ಕವನ್ನೇ ತಿರುವಿ ಹಾಕಿದ್ದರು: ನಮ್ಮ ದೇವರು ಸೋತಿಲ್ಲ, ಅಶ್ಶೂರವನ್ನು ಬೆತ್ತದಂತೆ ಹಿಡಿದು ನಮಗೆ ಹೊಡೆದವನು ಅವನೇ. ಉತ್ತರದವರಿಗೆ ಈ ಮಾತು ಮೈಗೂಡುವಷ್ಟು ಸಮಯ ಸಿಗಲಿಲ್ಲ. ಯೆಹೂದಕ್ಕೆ ಸಿಕ್ಕಿತು, ಹೆಚ್ಚುಕಡಿಮೆ 135 ವರ್ಷ.

ಆ ನಡುವೆ ಯೆಹೂದವೂ ಕೂದಲೆಳೆಯಲ್ಲಿ ಪಾರಾದದ್ದುಂಟು. ಕ್ರಿ.ಪೂ. 701ರಲ್ಲಿ ಅಶ್ಶೂರದ ಅರಸ ಸನ್ಹೇರೀಬ 46 ಕೋಟೆಯೂರುಗಳನ್ನು ಹಿಡಿದು, ಅರಸ ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಯೆರೂಸಲೇಮಿನಲ್ಲಿ ಕೂಡಿಹಾಕಿದೆನೆಂದು ಬರೆಸಿದ. ಹಕ್ಕಿಯನ್ನು ಹಿಡಿದೆ ಎಂದು ಮಾತ್ರ ಎಲ್ಲೂ ಬರೆಸಿಲ್ಲ. ಕಪ್ಪ ತೆಗೆದುಕೊಂಡು ಹೋದ.

ಇನ್ನು ಬಾಬಿಲೋನಿಗೆ ಬರೋಣ. ಕ್ರಿ.ಪೂ. 612ರಲ್ಲಿ ನಿನೆವೆ ಬಿದ್ದು ಅಶ್ಶೂರದ ಕಥೆ ಮುಗಿಯಿತು. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮನ್ನು ಹಿಡಿದು ಹದಿನೆಂಟರ ಹುಡುಗ ಅರಸ ಯೆಹೋಯಾಖೀನನನ್ನು, ಅವನ ತಾಯಿ, ಅಧಿಕಾರಿಗಳು, ಬಡಗಿ ಕಮ್ಮಾರರ ಸಮೇತ ಒಯ್ದ. ಹನ್ನೊಂದು ವರ್ಷದ ಮೇಲೆ, 586ರಲ್ಲಿ, ಅವನ ಬದಲು ಪಟ್ಟಕ್ಕೆ ಕೂರಿಸಿದ್ದ ಚಿದ್ಕೀಯನೂ ತಿರುಗಿಬಿದ್ದಾಗ ಊರು, ದೇವಾಲಯ ಎರಡನ್ನೂ ಸುಟ್ಟರು. (587 ಎನ್ನುವವರೂ ಇದ್ದಾರೆ, ವರ್ಷ ಎಣಿಸುವ ಪದ್ಧತಿಯ ಜಗಳ ಅದು.) ಯೆರೆಮೀಯನ ಪುಸ್ತಕದ ಕೊನೆಯಲ್ಲಿ ಮೂರು ಕಂತಿನಲ್ಲಿ ಹೋದವರ ಲೆಕ್ಕವಿದೆ: 3,023, 832, 745. ಒಟ್ಟು 4,600. ಅರಸುಗಳ ಪುಸ್ತಕ ಮೊದಲ ಕಂತನ್ನೇ ಹತ್ತು ಸಾವಿರ ಅನ್ನುತ್ತದೆ. ಯಾವುದನ್ನು ಹಿಡಿದರೂ ಸಮಾರ್ಯದಿಂದ ಹೋದವರಿಗಿಂತ ಇವರು ಕಡಿಮೆ. ಹೆಚ್ಚು ಹೋದವರು ಕರಗಿದರು, ಕಡಿಮೆ ಹೋದವರು ಉಳಿದರು.

ಮೊದಲ ಕಾರಣ, ಇವರನ್ನು ಚದುರಿಸಲಿಲ್ಲ. ಯುದ್ಧದಲ್ಲಿ ಪಾಳುಬಿದ್ದಿದ್ದ ನಿಪ್ಪುರ್ ಸುತ್ತಿನ ಬಯಲಿನಲ್ಲಿ ಕಾಲುವೆ ನೀರಿನ ಬೇಸಾಯಕ್ಕೆ ಕೈಗಳು ಬೇಕಿದ್ದವು. ಅಲ್ಲಿ ಒಂದೂರಿನಿಂದ ಬಂದವರನ್ನು ಒಟ್ಟಿಗೇ ಕೂರಿಸಿದರು. ಅಂಥ ಒಂದು ಹಳ್ಳಿಯ ಹೆಸರೇ ಆಲ್ ಯಾಹೂದು, ಅಂದರೆ ಯೆಹೂದದ ಊರು. ಹಳೆಯ ವಸ್ತುಗಳ ಮಾರುಕಟ್ಟೆಯ ಮೂಲಕ ಹೊರಬಂದ ಸುಮಾರು 200 ಜೇಡಿಮಣ್ಣಿನ ಹಲಗೆಗಳಲ್ಲಿ ಈ ಹಳ್ಳಿಯ ಮತ್ತು ಅಕ್ಕಪಕ್ಕದವರ ವ್ಯವಹಾರವಿದೆ. ಅತಿ ಹಳೆಯದು ಕ್ರಿ.ಪೂ. 572ರದ್ದು. ಗೇಣಿ ಕರಾರು, ಜವೆಗೋಧಿ ಸಾಲ, ಖರ್ಜೂರದ ಬಾಕಿ, ತೆರಿಗೆ ರಸೀದಿ, ಅಣ್ಣತಮ್ಮಂದಿರ ಪಾಲುಪಟ್ಟಿ. ಯಾವ ತಾಲ್ಲೂಕು ಕಚೇರಿಯ ಕಡತವಾದರೂ ಆಗಬಹುದಿತ್ತು. ಅನೇಕ ಹಲಗೆಗಳಲ್ಲಿ ಸಾಲ ಮಾಡಿದವನೂ ಸಾಕ್ಷಿ ಹಾಕಿದವನೂ ತಮ್ಮ ದೇವರ ಹೆಸರಿಟ್ಟುಕೊಂಡ ಯೆಹೂದದವರೇ. ನಾವು ಮಕ್ಕಳಿಗೆ ಮನೆದೇವರ ಹೆಸರಿಡುತ್ತೇವಲ್ಲ, ಹಾಗೆ. ಕನ್ನಡ ಬೈಬಲಿನ ಹಿಜ್ಕೀಯ, ಯೋಷೀಯ, ಯೆರೆಮೀಯರ ಕೊನೆಯಲ್ಲಿರುವ 'ಯ' ಅದೇ ದೇವರ ಹೆಸರಿನ ಬಾಲ. ಆ ಹಲಗೆಗಳಲ್ಲಿ ಅದು 'ಯಾಹು', 'ಯಾಮ' ಎಂದು ಬರುತ್ತದೆ. ಮೂರನೆಯ ತಲೆಮಾರಿನಲ್ಲೂ ಬರುತ್ತದೆ.

ಅರಸನೂ ಬದುಕಿದ್ದ. ಬಾಬಿಲೋನಿನ ಅರಮನೆಯಲ್ಲಿ ಸಿಕ್ಕ ಪಡಿಯ ಪಟ್ಟಿಗಳಲ್ಲಿ ಯೆಹೂದದ ಅರಸ ಯೆಹೋಯಾಖೀನನಿಗೂ ಅವನ ಐದು ಗಂಡುಮಕ್ಕಳಿಗೂ ಅಳೆದುಕೊಟ್ಟ ಎಣ್ಣೆಯ ಲೆಕ್ಕವಿದೆ. ಸೆರೆ ಬಂದ 37ನೆಯ ವರ್ಷದಲ್ಲಿ ನೆಬೂಕದ್ನೆಚ್ಚರನ ಮಗ ಎವೀಲ್ಮೆರೋದಕ ಅವನನ್ನು ಬಿಡಿಸಿ ತನ್ನ ಪಂಕ್ತಿಯಲ್ಲಿ ಕೂರಿಸಿಕೊಂಡ ಎನ್ನುವಲ್ಲಿಗೆ ಅರಸುಗಳ ಪುಸ್ತಕ ನಿಲ್ಲುತ್ತದೆ.

ಎರಡನೆಯ ಕಾರಣ, ಬಿಟ್ಟುಬಂದ ನಾಡು. ಬಾಬಿಲೋನಿನವರು ಯೆಹೂದಕ್ಕೆ ಬೇರೆ ಜನರನ್ನು ತಂದು ತುಂಬಲಿಲ್ಲ. ದ್ರಾಕ್ಷಿತೋಟ, ಹೊಲ ನೋಡಿಕೊಳ್ಳಲು ಬಡವರನ್ನು ಬಿಟ್ಟು, ಮಿಚ್ಪದಲ್ಲಿ ಗೆದಲ್ಯನೆಂಬ ಸ್ಥಳೀಯನನ್ನೇ ಅಧಿಕಾರಿ ಮಾಡಿದರು. ಅವನನ್ನು ಕೊಂದದ್ದು ಅರಸುಮನೆತನದವನೇ ಆದ ಇಷ್ಮಾಯೇಲ, ಅದು ಬೇರೆ ಕಥೆ. ಯೆರೂಸಲೇಮ್ ಹಾಳುಸುರಿಯಿತು, ಆದರೆ ಆ ಹಾಳಿಗೆ ಬೇರೆ ವಾರಸುದಾರರು ಹುಟ್ಟಿಕೊಳ್ಳಲಿಲ್ಲ.

ಇಷ್ಟೇ ಆಗಿದ್ದರೆ ಉತ್ತರ ಸುಲಭವಿತ್ತು. ಆದರೆ ಮೇಲೆ ಹೇಳಿದ ಪಡಿಯ ಪಟ್ಟಿಯಲ್ಲೇ ಇನ್ನೊಂದು ಹೆಸರಿದೆ: ಅಷ್ಕೆಲೋನಿನ ಅರಸ ಆಗನ ಮಕ್ಕಳು. ಅಷ್ಕೆಲೋನ್ ಫಿಲಿಷ್ಟಿಯರ ಊರು. ನೆಬೂಕದ್ನೆಚ್ಚರ ಅದನ್ನು ಕ್ರಿ.ಪೂ. 604ರಲ್ಲೇ ನೆಲಸಮ ಮಾಡಿದ್ದ. ಅವರಿಗೂ ಎಣ್ಣೆ ಅಳೆದುಕೊಟ್ಟರು. ಅವರನ್ನೂ ಒಟ್ಟಾಗಿ ಕೂರಿಸಿ, ಆ ಹಳ್ಳಿಗಳನ್ನು ಅಷ್ಕೆಲೋನ್, ಗಾಜ ಎಂದೇ ಕರೆದರು. ಅದೇ ಬಯಲು, ಅದೇ ಕಾಲುವೆ ನೀರು. ಆದರೂ ಫಿಲಿಷ್ಟಿಯರೆಂದು ಹೇಳಿಕೊಳ್ಳುವವರು ಕ್ರಮೇಣ ಇಲ್ಲವಾದರು. ಗುಂಪಾಗಿ ಕೂತದ್ದೇ ಸಾಕಾಗಿದ್ದರೆ ಅವರೂ ಉಳಿಯಬೇಕಿತ್ತು.

ಹಾಗಾಗಿ ನಾನು ಮತ್ತೆ ಆ 135 ವರ್ಷಕ್ಕೇ ಬರುತ್ತೇನೆ. ಆ ಅವಧಿಯಲ್ಲಿ ಯೆಹೂದದಲ್ಲಿ ಬರವಣಿಗೆ ಹಬ್ಬಿತು, ಪ್ರವಾದಿಗಳ ಮಾತು ಸುರುಳಿಗೆ ಇಳಿಯಿತು. ಅರಸ ಯೋಷೀಯನ ಕಾಲದಲ್ಲಿ, ಕ್ರಿ.ಪೂ. 622ರಲ್ಲಿ, ದೇವಾಲಯದಲ್ಲಿ ಧರ್ಮಶಾಸ್ತ್ರದ ಸುರುಳಿ ಸಿಕ್ಕಿತೆಂದು ದೊಡ್ಡ ಸುಧಾರಣೆಯೇ ನಡೆಯಿತು. ಸೆರೆ ಹೊರಟವರಲ್ಲಿ ಶಾಸ್ತ್ರಿಗಳೂ ಯಾಜಕರೂ ಇದ್ದರು. ಯಾಜಕ ಯೆಹೆಜ್ಕೇಲ 597ರ ಕಂತಿನಲ್ಲೇ ಹೋಗಿ ಕೆಬಾರ್ ಕಾಲುವೆಯ ದಂಡೆಯಲ್ಲಿ ದರ್ಶನ ಕಂಡವನು. ಯೆರೂಸಲೇಮಿನಲ್ಲೇ ಉಳಿದಿದ್ದ ಪ್ರವಾದಿ ಯೆರೆಮೀಯ ಸೆರೆಯವರಿಗೆ ಕಳಿಸಿದ ಪತ್ರದಲ್ಲಿ ಅಳು ಇಲ್ಲ: ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ಮಕ್ಕಳಿಗೆ ಮದುವೆ ಮಾಡಿ, ಇರುವ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಬಲಿಪೀಠ ಇಲ್ಲದ ಕಡೆ ಆಗುವ ಆಚರಣೆಗಳಿಗೆ ತೂಕ ಬಂತು. ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿಗೆ ಗುಡಿ ಬೇಡ, ಸುನ್ನತಿಗೆ ಗುಡಿ ಬೇಡ, ಓದುವುದಕ್ಕೂ ಬೇಡ.

ಕಾಲವೂ ಕೂಡಿಬಂತು. ಅಶ್ಶೂರ ಸಮಾರ್ಯವನ್ನು ನುಂಗಿದ ಮೇಲೆ ನೂರಹತ್ತು ವರ್ಷ ಬಾಳಿತು. ಬಾಬಿಲೋನ್ ಐವತ್ತು ವರ್ಷವೂ ನಿಲ್ಲಲಿಲ್ಲ, ಕ್ರಿ.ಪೂ. 539ರಲ್ಲಿ ಪರ್ಷಿಯದ ಅರಸ ಕೋರೆಷ ಒಳಗೆ ಬಂದ. ಅವನದೆನ್ನುವ ಪ್ರಸಿದ್ಧ ಮಣ್ಣಿನ ಉರುಳೆಯಲ್ಲಿ ಯೆಹೂದ್ಯರ ಹೆಸರಿಲ್ಲ. ತಂದಿಟ್ಟಿದ್ದ ದೇವರುಗಳನ್ನೂ ಜನರನ್ನೂ ಅವರವರ ಊರಿಗೆ ಕಳಿಸಿದೆ ಎಂಬ ಮಾತಿದೆ. ಅದೇ ಧೋರಣೆ ಇವರಿಗೂ ಒದಗಿತು. ಎಜ್ರನ ಪುಸ್ತಕದ ಪ್ರಕಾರ ತಿರುಗಿ ಬಂದವರು 42,360. ಹೊಸ ದೇವಾಲಯಕ್ಕೆ ತಳಪಾಯ ಹಾಕಿದಾಗ ಹಳೆಯದನ್ನು ಕಣ್ಣಾರೆ ಕಂಡಿದ್ದ ಮುದುಕರು ಗಟ್ಟಿಯಾಗಿ ಅತ್ತರಂತೆ. ಕಂಡವರು ಇನ್ನೂ ಬದುಕಿದ್ದರು ಅನ್ನುವುದೇ ದೊಡ್ಡದು.

ಎಲ್ಲರೂ ಬಂದರೆಂದು ತಿಳಿಯಬೇಡಿ. ಗೇಣಿ ಭೂಮಿ, ಲೇವಾದೇವಿ ಕೈಹತ್ತಿದ್ದವರು ಬಹಳ ಮಂದಿ ಅಲ್ಲೇ ನಿಂತರು. ಮುಂದೆ ಬಾಬಿಲೋನಿನ ತಾಲ್ಮುದ್ ಎಂಬ ಯೆಹೂದ್ಯರ ದೊಡ್ಡ ಧರ್ಮಗ್ರಂಥ ಹುಟ್ಟಿದ್ದು ಅಲ್ಲಿಯೇ. ಇರಾಕಿನಿಂದ ಸುಮಾರು 1,20,000 ಯೆಹೂದ್ಯರನ್ನು 1950-51ರಲ್ಲಿ ವಿಮಾನದಲ್ಲಿ ಇಸ್ರೇಲಿಗೆ ಕರೆತಂದ ಕಾರ್ಯಾಚರಣೆಗೆ ಇಟ್ಟ ಹೆಸರು ಎಜ್ರ ಮತ್ತು ನೆಹೆಮೀಯ, ಅಂದು ಸೆರೆಯಿಂದ ತಿರುಗಿ ಬಂದ ಮುಂದಾಳುಗಳ ಹೆಸರು.

ಇನ್ನು ಆ ಹತ್ತು ಕುಲ. ಕಾಶ್ಮೀರ, ಪಠಾಣರ ನಾಡು ಎಂದೆಲ್ಲ ಹುಡುಕಿದವರಿದ್ದಾರೆ. ಗಟ್ಟಿ ಪುರಾವೆ ಯಾವುದಕ್ಕೂ ಇಲ್ಲ. ನಮ್ಮ ದೇಶದ ಮಿಜೋರಾಂ, ಮಣಿಪುರದ ಬ್ನೇ ಮೆನಾಶೆ ಸಮುದಾಯದವರು ತಾವು ಮನಸ್ಸೆ ಕುಲದವರೆನ್ನುತ್ತಾರೆ. 2005ರಲ್ಲಿ ಇಸ್ರೇಲಿನ ಮುಖ್ಯ ರಬ್ಬಿಯೊಬ್ಬರು ಅದನ್ನು ಒಪ್ಪಿದರು, ಸಾವಿರಾರು ಮಂದಿ ವಿಧಿವತ್ತಾಗಿ ಮತಾಂತರಗೊಂಡು ಅಲ್ಲಿಗೆ ಹೋಗಿ ನೆಲೆಸಿದ್ದಾರೆ. ಅದು ಅವರ ನಂಬಿಕೆ. ಅಶ್ಶೂರದಿಂದ ಮಿಜೋರಾಂವರೆಗಿನ ದಾರಿಯನ್ನು ಇತಿಹಾಸ ತೋರಿಸಿಕೊಟ್ಟಿಲ್ಲ.

ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಲೂಕನ ಸುವಾರ್ತೆಯಲ್ಲಿ ಮಗು ಯೇಸುವನ್ನು ದೇವಾಲಯದಲ್ಲಿ ಕಂಡ ಅಜ್ಜಿ ಅನ್ನಳು ಆಶೇರನ ಕುಲದವಳು. ಆಶೇರ ಕಳೆದುಹೋದ ಹತ್ತರಲ್ಲಿ ಒಂದು. ಇನ್ನು ನಾಬ್ಲಸ್ ಪಕ್ಕದ ಗೆರಿಜೀಮ್ ಬೆಟ್ಟದ ಮೇಲೂ ಟೆಲ್ ಅವೀವ್ ಹತ್ತಿರದ ಹೋಲೋನಿನಲ್ಲೂ ಸಮಾರ್ಯರೆಂಬ ಪುಟ್ಟ ಸಮುದಾಯವಿದೆ, ಎಲ್ಲ ಸೇರಿ ಒಂದು ಸಾವಿರದೊಳಗಿನ ಜನ. ನಾವು ಎಫ್ರಾಯೀಮ್, ಮನಸ್ಸೆ ಕುಲದವರು, ಎಲ್ಲಿಗೂ ಹೋಗಲೇ ಇಲ್ಲ ಅನ್ನುತ್ತಾರೆ. ಯೆಹೂದ್ಯರು ಬಾಬಿಲೋನಿನಿಂದ ಬಂದ ಮೇಲೆ ಕ್ರಮೇಣ ಅರಾಮ್ಯರ ಲಿಪಿಗೆ ಹೊರಳಿದರು. ಇವತ್ತು ನಾವು ಹೀಬ್ರೂ ಲಿಪಿ ಎನ್ನುವುದು ಅದನ್ನೇ. ಸಮಾರ್ಯರ ಧರ್ಮಶಾಸ್ತ್ರದ ಸುರುಳಿ ಈಗಲೂ ಆ ಹಳೆಯ ಲಿಪಿಯ ಪೀಳಿಗೆಯ ಅಕ್ಷರದಲ್ಲೇ ಇದೆ.