ದೊತೊರ್ನ್ ಕಲಿಸಿದ್ದು, ತೆರ್ಸ್ ಕಲಿಸಿದ್ದು

ಮಂಗಳೂರು, ಉಡುಪಿಯ ಇಗರ್ಜಿಗಳಲ್ಲಿ (ಚರ್ಚುಗಳಲ್ಲಿ) ಹೆತ್ತವರು ಸೇರಿದಾಗ ಒಂದು ಮಾತು ಬಂದೇ ಬರುತ್ತದೆ. ಮಕ್ಕಳು ವರ್ಷಗಟ್ಟಲೆ ಭಾನುವಾರದ ದೊತೊರ್ನ್‌ಗೆ, ಅಂದರೆ ಧರ್ಮಶಿಕ್ಷಣಕ್ಕೆ, ಹೋಗುತ್ತಾರೆ. ಒಳ್ಳೆಯ ಅಂಕವನ್ನೂ ತರುತ್ತಾರೆ. ಮನೆಯಲ್ಲಿ ಮಾತ್ರ ಪ್ರಾರ್ಥನೆಗೆ ಕೂರುವುದಿಲ್ಲ. ಪಠ್ಯ ಬದಲಾಗಲಿ ಎನ್ನುತ್ತಾರೆ ಕೆಲವರು, ಶಿಕ್ಷಕರ ತರಬೇತಿ ಸಾಲದು ಎನ್ನುತ್ತಾರೆ ಇನ್ನು ಕೆಲವರು. ಮೊಬೈಲನ್ನು ದೂರುವವರಂತೂ ಇದ್ದೇ ಇದ್ದಾರೆ. ಆದರೆ ನಂಬಿಕೆ ತರಗತಿಯಲ್ಲಿ ಸಿಗುತ್ತದೆ ಎಂದು ನಾವು ಅಂದುಕೊಂಡದ್ದು ಯಾವಾಗಿನಿಂದ?

4ನೇ ಶತಮಾನದ ಜೆರುಸಲೇಮಿನಲ್ಲಿ ದೀಕ್ಷಾಸ್ನಾನಕ್ಕೆ ಮೊದಲೂ ಪಾಠವಿತ್ತು. ಆದರೆ ದೀಕ್ಷಾಸ್ನಾನದ, ಪರಮಪ್ರಸಾದದ ಒಳಗುಟ್ಟನ್ನು ಬಿಡಿಸಿ ಹೇಳುತ್ತಿದ್ದದ್ದು ಅವನ್ನು ಪಡೆದ ಮೇಲೆ, ಈಸ್ಟರ್ ವಾರದಲ್ಲಿ. ನೀರಿಗೆ ಇಳಿಯುವುದು ಮೊದಲು, ಅರ್ಥ ಆಮೇಲೆ. ಅಚ್ಚುಯಂತ್ರ ಬಂದ ನಂತರ ಪ್ರೊಟೆಸ್ಟೆಂಟ್ ಸುಧಾರಕ ಮಾರ್ಟಿನ್ ಲೂಥರ್ 1529ರಲ್ಲಿ, ಕ್ಯಾಥೊಲಿಕ್ ಸಭೆ 1566ರಲ್ಲಿ ಧರ್ಮೋಪದೇಶದ ಪುಸ್ತಕಗಳನ್ನು ಹೊರತಂದವು. ಪ್ರಶ್ನೋತ್ತರದ ಬಾಯಿಪಾಠ ಮಕ್ಕಳ ಪಾಲಿಗೆ ಬಂದದ್ದು ಆ ದಾರಿಯಲ್ಲಿ.

ನಮ್ಮ ಕರಾವಳಿಯ ಕತೆ ಬೇರೆ. 1784ರಲ್ಲಿ ಇಲ್ಲಿನ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಇಗರ್ಜಿಗಳು ನೆಲಸಮವಾದವು, ಪಾದ್ರಿಗಳನ್ನು ಹೊರಗಟ್ಟಲಾಯಿತು. ಬದುಕುಳಿದವರು 1799ರ ನಂತರ ಮರಳಿ ಇಗರ್ಜಿ ಕಟ್ಟಿಕೊಂಡರು. ಹದಿನೈದು ವರ್ಷ ಅವರಿಗೆ ತರಗತಿಯೂ ಇರಲಿಲ್ಲ, ಪುಸ್ತಕವೂ ಇರಲಿಲ್ಲ. ನಾಲಿಗೆಗೂ ಮೊಣಕಾಲಿಗೂ ರೂಢಿಯಾದದ್ದೇ ಅವರನ್ನು ಕಾಪಾಡಿರಬೇಕು ಎಂದು ನನಗೆ ಅನಿಸುತ್ತದೆ. 1834ರಲ್ಲಿ ಬಂದ ಪ್ರೊಟೆಸ್ಟೆಂಟ್ ಸಂಸ್ಥೆ ಬಾಸೆಲ್ ಮಿಶನ್ ಶಾಲೆ, ಅಚ್ಚುಕೂಟಗಳನ್ನು ತೆರೆಯಿತು. ಆದರೆ ಕುಲಕಸುಬು ತಪ್ಪಿದ ಹೊಸ ಕ್ರೈಸ್ತರ ದಿನಚರಿಯನ್ನು ರೂಪಿಸಿದ್ದರಲ್ಲಿ ಮಗ್ಗಕ್ಕೂ, 1865ರ ಜೆಪ್ಪು ಹೆಂಚಿನ ಕಾರ್ಖಾನೆಗೂ, ಒಟ್ಟಾಗಿ ಹಾಡಿದ ಗೀತೆಗಳಿಗೂ ದೊಡ್ಡ ಪಾಲಿದೆ.

ನಾನು ಹತ್ತಿರದಿಂದ ಕಂಡದ್ದು ಮನೆಮಂದಿ ಸೇರಿ ಜಪಮಾಲೆ ಹೇಳುವ ತೆರ್ಸ್‌ನ ಕಾಲ. ಸಂಜೆ ಪ್ರಾರ್ಥನೆಗೆ ಕರೆಯುವ ಇಗರ್ಜಿಯ ಆಮೊರಿ ಗಂಟೆ ಕೇಳಿಸಿದರೆ ಅಂಗಳದ ಆಟ ನಿಲ್ಲಬೇಕು. ಕೈಕಾಲು ತೊಳೆದು ಮನೆಯ ಆಲ್ತಾರಿನ, ಅಂದರೆ ಪ್ರಾರ್ಥನಾ ಪೀಠದ, ಮುಂದೆ ಮೊಣಕಾಲೂರಬೇಕು. ಅಜ್ಜಿ ಜಪಮಾಲೆ ಹಿಡಿದು ಮುಂದೆ ಹೇಳಿದರೆ ಉಳಿದವರು ಹಿಂದೆ. ಸಂತರ ಸ್ತುತಿಮಾಲೆಗೆ ‘ಓರಾ ಪ್ರೊ ನೋಬಿಸ್’ ಎನ್ನುತ್ತಿದ್ದ ನಮಗೆ ಆ ಲ್ಯಾಟಿನ್ ಮಾತಿನ ಅರ್ಥ ‘ನಮಗಾಗಿ ಪ್ರಾರ್ಥಿಸಿ’ ಎಂದು ಗೊತ್ತಿರಲಿಲ್ಲ. ತೀರಿಕೊಂಡವರಿಗೊಂದು, ಬೊಂಬಾಯಿಯಲ್ಲಿ ದುಡಿಯುವವರಿಗೊಂದು, ಕಾಯಿಲೆ ಬಿದ್ದ ನೆರೆಮನೆಯವರಿಗೊಂದು ಪ್ರಾರ್ಥನೆ ಸೇರುತ್ತಾ ಹೋಗುತ್ತಿತ್ತು. ನಾವು ತೂಕಡಿಸುತ್ತಿದ್ದೆವು.

ಕೊನೆಗೆ ಬೆಸಾಂವ್. ಮನೆಯ ಹಿರಿಯರೆಲ್ಲರ ಮುಂದೆ, ವಯಸ್ಸಿನ ಕ್ರಮದಲ್ಲಿ, ಕೈಮುಗಿದು ಆಶೀರ್ವಾದ ಕೇಳಬೇಕು. ಮಧ್ಯಾಹ್ನ ಹೊಡೆದ ಚಿಕ್ಕಪ್ಪನ ಮುಂದೆಯೂ ನಿಲ್ಲಬೇಕು. ಹೊಡೆದ ಚಿಕ್ಕಪ್ಪನೂ ಹರಸಲೇಬೇಕು. ಕ್ಷಮೆ ಎಂಬ ಪದ ದೊತೊರ್ನ್ ಪುಸ್ತಕದಲ್ಲಿ ಸಿಗುವ ಎಷ್ಟೋ ವರ್ಷ ಮೊದಲೇ ನಮಗೆ ಆ ಎರಡು ಹೆಜ್ಜೆ ಇಡುವ ಕಷ್ಟ ಗೊತ್ತಿತ್ತು.

ಅರ್ಥ ತಿಳಿಯದೆ ಗೊಣಗುವುದು ಸಾಕು ಎಂಬ ಕೊರಗು ಆಗಲೂ ಇತ್ತು, ಅದು ನ್ಯಾಯವೂ ಆಗಿತ್ತು. ಎರಡನೇ ವ್ಯಾಟಿಕನ್ ಮಹಾಸಭೆಯ (1962–65) ನಂತರ ಪೂಜೆ ಲ್ಯಾಟಿನ್ ಬಿಟ್ಟು ಕೊಂಕಣಿ, ಕನ್ನಡಕ್ಕೆ ಬಂತು. ಧರ್ಮಶಿಕ್ಷಣಕ್ಕೆ ಹೊಸ ಪುಸ್ತಕ, ಹೊಸ ವಿಧಾನ ಬಂದವು. ಅದೇ ಹೊತ್ತಿಗೆ ಕೂಡುಕುಟುಂಬಗಳು ಪಾಲಾದವು, ಗಂಡಸರು ಕೊಲ್ಲಿಗೆ ಹೋದರು, ಸಂಜೆ ಏಳಕ್ಕೆ ಟಿ.ವಿ. ಮಾತಾಡತೊಡಗಿತು. ತೆರ್ಸ್ ನಿಲ್ಲಿಸೋಣ ಎಂದು ಯಾರೂ ತೀರ್ಮಾನಿಸಲಿಲ್ಲ. ಮನೆಯಲ್ಲಿ ಬಿಟ್ಟುಹೋದದ್ದನ್ನು ಭಾನುವಾರದ ಒಂದು ಗಂಟೆಯ ತರಗತಿ ತುಂಬಿಕೊಡಲಿ ಎಂಬ ನಿರೀಕ್ಷೆ ಮಾತ್ರ ಬೆಳೆಯುತ್ತಾ ಹೋಯಿತು. ಆ ಭಾರ ಹೊತ್ತ ಶಿಕ್ಷಕರ ಮೇಲೆ ನನಗೆ ಮರುಕವಿದೆ.

ತೆನೆ ಹಬ್ಬದ ನೊವೆನಾದಲ್ಲಿ ಮಾತ್ರ ಮಕ್ಕಳಿಗೆ ಒತ್ತಾಯ ಬೇಕಿಲ್ಲ. ಆಗಸ್ಟ್ 30ರಿಂದ ಒಂಬತ್ತು ದಿನ ಹೂ ತಂದು ಬಾಲ ಮರಿಯಳಿಗೆ ಅರ್ಪಿಸುತ್ತಾರೆ. ಸೆಪ್ಟೆಂಬರ್ 8ರಂದು ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ. ಕಳೆದ ವರ್ಷ ನಮ್ಮಲ್ಲಿ ಐದು ವರ್ಷದ ಹುಡುಗಿಯೊಬ್ಬಳು ಕಾಳು ಸುಲಿಯುತ್ತಾ ‘ಇದು ಯಾಕೆ?’ ಎಂದಳು. ಮೊದಲು ಸುಲಿ ಮಗಾ ಅಂದರು ಅವಳ ಅಜ್ಜ. ಕಾಳನ್ನು ಹಾಲಿಗೆ ಹಾಕಿ ಎಲ್ಲರೂ ಕುಡಿದ ಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು.