ಏನು ಮಾರುತ್ತೀರಿ ಅನ್ನೋದನ್ನ ಹೆಸರಲ್ಲೇ ಹೇಳಬೇಕಾ?

"ಹೆಸರು ಕೇಳಿದ ತಕ್ಷಣ ಏನು ಮಾರ್ತೀವಿ ಅಂತ ಗೊತ್ತಾಗ್ಬೇಕು ಸರ್." ದಾವಣಗೆರೆಯಲ್ಲಿ ಟ್ರೇಡ್‌ಮಾರ್ಕ್ ಅರ್ಜಿ, ಅಂದರೆ ವ್ಯಾಪಾರದ ಹೆಸರನ್ನ ನಿಮ್ಮದೇ ಅಂತ ನೋಂದಾಯಿಸುವ ಅರ್ಜಿ, ಹಾಕಿಕೊಡುವ ನನಗೆ ಹೊಸದಾಗಿ ವ್ಯಾಪಾರ ಶುರು ಮಾಡುವವರಿಂದ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಆಮೇಲೆ ಜೇಬಿನಿಂದ ಚೀಟಿ ಬರುತ್ತದೆ. ದಾವಣಗೆರೆ ಗರಿಗರಿ ಮಂಡಕ್ಕಿ. ಚಳ್ಳಕೆರೆ ಅಪ್ಪಟ ಶೇಂಗಾ ಎಣ್ಣೆ.

ಕೆಟ್ಟ ಹೆಸರುಗಳೇನಲ್ಲ. ಆದರೆ ನಿಮ್ಮ ಸ್ವಂತದ್ದಾಗುವುದು ಕಷ್ಟ. ಪಕ್ಕದ ಭಟ್ಟಿಯವರ ಮಂಡಕ್ಕಿನೂ ಗರಿಗರಿನೇ, ಅದೂ ದಾವಣಗೆರೆದೇ ಅಲ್ವಾ? ಹಾಗೆ ಬರೆದುಕೊಳ್ಳಬೇಡಿ ಅಂತ ಅವರಿಗೆ ಹೇಗೆ ಹೇಳುತ್ತೀರಿ? 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 9ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಮಾಲು ಯಾವುದು, ಹೇಗಿದೆ, ಯಾವ ಊರಿನದು ಅಂತಷ್ಟೇ ಹೇಳುವ ಹೆಸರಿಗೆ ಸಾಮಾನ್ಯವಾಗಿ ನೋಂದಣಿ ಸಿಗುವುದಿಲ್ಲ. ಏನು ಮಾರುತ್ತೀರಿ ಅನ್ನೋದನ್ನ ಬೋರ್ಡಿನಲ್ಲಿ ಹೆಸರಿನ ಕೆಳಗೆ ಎಷ್ಟು ದಪ್ಪ ಬೇಕಾದರೂ ಬರೆಸಿ, ಯಾರೂ ಬೇಡ ಅನ್ನಲ್ಲ. ಹೆಸರು ಮಾತ್ರ ಯಾರು ಮಾರುತ್ತಿದ್ದಾರೆ ಅಂತ ಹೇಳಲಿ.

ಇಷ್ಟು ಹೇಳಿದ ಮೇಲೂ ಒಬ್ಬರಾದರೂ "ಮೈಸೂರ್ ಸ್ಯಾಂಡಲ್ ಹೇಗೆ ಮತ್ತೆ?" ಅಂತ ಕೇಳಿಯೇ ಕೇಳುತ್ತಾರೆ. ಒಳ್ಳೆ ಪ್ರಶ್ನೆನೇ. ಮೈಸೂರಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಗಿದ್ದು 1916ರಲ್ಲಿ. ತಲೆಮಾರುಗಳಿಂದ ಜನ ಆ ಹೆಸರು ಹೇಳಿಯೇ ಆ ಸೋಪು ಕೇಳುತ್ತಿದ್ದಾರೆ. ಹಾಗೆ ಬಳಸಿ ಬಳಸಿ ಗುರುತಾದ ಹೆಸರಿಗೆ ಕಾಯ್ದೆಯಲ್ಲೂ ಜಾಗ ಇದೆ. ನೀವು ಅಂಗಡಿ ತೆಗೆಯುವುದು ಮುಂದಿನ ಶ್ರಾವಣಕ್ಕೆ.

ನಂದಿನಿ ನೋಡಿ. ಆ ಹೆಸರಲ್ಲಿ ಹಾಲೂ ಇಲ್ಲ, ಕರ್ನಾಟಕವೂ ಇಲ್ಲ, ಆದರೂ ಯಾರಿಗೆ ಗೊತ್ತಿಲ್ಲ? ಹಾಗಂತ ದೇವರು, ಪುರಾಣದ ಹೆಸರಿಟ್ಟರೆ ಎಲ್ಲಾ ಸಲೀಸು ಅಂದುಕೊಳ್ಳಬೇಡಿ. ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲಿಗೂ ನಂದಿನಿ ಹಾಲು ಮಾರುವ ಕೆಎಂಎಫ್‌ಗೂ ಇದೇ ಹೆಸರಿಗಾಗಿ ಸುಪ್ರೀಂ ಕೋರ್ಟ್‌ವರೆಗೆ ವ್ಯಾಜ್ಯ ನಡೆಯಿತು. 2018ರಲ್ಲಿ ತೀರ್ಪು ಹೋಟೆಲಿನ ಪರ ಬಂತು. ಎಲ್ಲರಿಗೂ ಪ್ರಿಯವಾದ ಹೆಸರನ್ನ ಪೂರ್ತಿ ತನ್ನದು ಮಾಡಿಕೊಳ್ಳುವುದು ಅಷ್ಟು ದೊಡ್ಡ ಸಂಸ್ಥೆಗೂ ಆಗಲಿಲ್ಲ.

ಸಂಖ್ಯಾಶಾಸ್ತ್ರದವರು ಹೇಳಿದರು ಅಂತ ಸ್ಪೆಲ್ಲಿಂಗಿಗೆ ಇನ್ನೊಂದು 'ಎ' ಸೇರಿಸಿದರೆ ಬೇರೆ ಹೆಸರಾಗುವುದಿಲ್ಲ. ಕಿವಿಗೆ ಹೇಗೆ ಕೇಳುತ್ತದೆ ಅಂತಲೂ ಇಲಾಖೆಯವರು ನೋಡುತ್ತಾರೆ. ಜಿಎಸ್‌ಟಿ ಸರ್ಟಿಫಿಕೇಟಲ್ಲಿ ಬಂತು ಅಂದ ಮಾತ್ರಕ್ಕೂ ಹೆಸರು ನಿಮ್ಮದಾಗುವುದಿಲ್ಲ.

ಹಾಗಾದರೆ ಹೆಸರು ಎಲ್ಲಿಂದ ತರೋದು? ಖಾರದಪುಡಿ ಮಾಡುವ ಮೂವರು ಅಣ್ಣತಮ್ಮಂದಿರು ನನ್ನ ಆಫೀಸಲ್ಲೇ ಜಗಳಕ್ಕೆ ಬಿದ್ದಿದ್ದರು. ದೊಡ್ಡವರಿಗೆ ಮನೆದೇವರ ಹೆಸರು ಬೇಕು, ನಡುವಿನವರಿಗೆ ಊರಿನದು, ಚಿಕ್ಕವನಿಗೆ 'ಸ್ಪೈಸಿ' ಅಂತ ಏನಾದರೂ ಇರಲೇಬೇಕು. ಅಲ್ಲಿವರೆಗೂ ಸುಮ್ನೆ ಟೀ ಕುಡಿಯುತ್ತಿದ್ದ ಅವರ ತಾಯಿ, "ಊರಾಗೆ ನಮ್ಮನ್ನ ಏಳುಗಂಬದ ಮನೆಯೋರು ಅಂತಾರಲ್ರೋ, ಅದನ್ನೇ ಇಡ್ರಪ್ಪ" ಅಂದರು. ಏಳುಗಂಬ! ಖಾರಕ್ಕೂ ಕಂಬಕ್ಕೂ ಏನೂ ಸಂಬಂಧ ಇಲ್ಲ, ಅದಕ್ಕೇ ಚೆನ್ನಾಗಿದೆ. ಅಂಗಡಿಯವನಿಗೆ ಫೋನಲ್ಲಿ ಒಂದೇ ಸಲ ಹೇಳಿದರೆ ಅರ್ಥವಾಗುತ್ತದೆ. ಅಣ್ಣತಮ್ಮಂದಿರು ಹೊರಟ ಮೇಲೂ ಮೆಟ್ಟಿಲ ಮೇಲೆ ವಾದ ಮಾಡುತ್ತಲೇ ಇದ್ದರು, ಅದು ಬೇರೆ ವಿಷಯ.

ಇಂಥ ನಾಲ್ಕೈದು ಹೆಸರು ಇಟ್ಟುಕೊಂಡು ಬನ್ನಿ, ಒಂದೇ ಹೆಸರಿಗೆ ಮನಸ್ಸು ಕೊಟ್ಟು ಬರಬೇಡಿ. ಆ ಹೆಸರು ಆಗಲೇ ಬೇರೆಯವರದ್ದಾಗಿದೆಯಾ ಅಂತ ಟ್ರೇಡ್‌ಮಾರ್ಕ್ ಇಲಾಖೆಯ ವೆಬ್‌ಸೈಟಲ್ಲಿ ಹುಡುಕೋದಕ್ಕೆ ದುಡ್ಡಿಲ್ಲ, ನೀವೇ ಮೊದಲು ನೋಡಬಹುದು. ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ಯಮ ಆನ್‌ಲೈನಲ್ಲಿ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ, ಅಂದರೆ ಒಂದು ಬಗೆಯ ಮಾಲಿಗೆ, ಸರ್ಕಾರಿ ಶುಲ್ಕ 4,500 ರೂಪಾಯಿ. ಅರ್ಜಿ ಇಲಾಖೆಯ ಜರ್ನಲ್‌ನಲ್ಲಿ ಪ್ರಕಟವಾದ ಮೇಲೂ 4 ತಿಂಗಳು ಯಾರು ಬೇಕಾದರೂ ತಕರಾರು ಹಾಕಬಹುದು. ಹಾಗಾಗಿ ಸಿಕ್ಕೇ ಸಿಗುತ್ತದೆ ಅಂತ ನಾನು ಯಾರಿಗೂ ಮಾತು ಕೊಡುವುದಿಲ್ಲ. ಕೊನೆಪಕ್ಷ ಹುಡುಕಿ ನೋಡುವವರೆಗಾದರೂ ಪ್ಯಾಕೆಟ್ ಕವರ್ ಪ್ರಿಂಟಿಗೆ ಕೊಡಬೇಡಿ. ಕವರ್ ಅಚ್ಚು ಹಾಕುವ ಸಿಲಿಂಡರ್ ಮಾಡಿಸಿದ ದುಡ್ಡನ್ನ ಪ್ರೆಸ್ಸಿನವರು ವಾಪಸ್ ಕೊಡಲ್ಲ.